ಎಂಟಾಣೆಯ ವಿಕೆಟ್ಟು

ದೇವನಹಳ್ಳಿಯ ವಿಮಾನ ನಿಲ್ದಾಣದ ಬಳಿ, 2024ರ ಸೆಪ್ಟೆಂಬರಿನಲ್ಲಿ, ಭಾರತದ ಕ್ರಿಕೆಟ್ ಮಂಡಳಿ ತನ್ನ ಹೊಸ ತರಬೇತಿ ಕೇಂದ್ರವನ್ನು ತೆರೆಯಿತು. ಸುಮಾರು 40 ಎಕರೆ ನೆಲ, ಮೂರು ಮೈದಾನಗಳು. ಅದರ ವರ್ಣನೆಯನ್ನು ಓದುತ್ತಿದ್ದಾಗ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿಯ ಕಟ್ಟಡಗಳಲ್ಲ, ಅಲ್ಲಿಗೆ ತಂದು ಹಾಕಿದ ಮಣ್ಣು. ಮುಖ್ಯ ಮೈದಾನದ ಪಿಚ್ಚುಗಳಿಗೆ ಮುಂಬಯಿಯ ಕೆಮ್ಮಣ್ಣು. ಉಳಿದ ಎರಡಕ್ಕೆ ನಮ್ಮ ಮಂಡ್ಯದ ಮಣ್ಣು ಮತ್ತು ಒಡಿಶಾದ ಕಾಳಾಹಾಂಡಿಯಿಂದ ತರಿಸಿದ ಎರೆಮಣ್ಣು. ಒಂದೊಂದು ಮಣ್ಣಿನ ಮೇಲೆ ಚೆಂಡು ಒಂದೊಂದು ಬಗೆಯಾಗಿ ಏಳುತ್ತದೆ, ಒಂದೊಂದು ಬಗೆಯಾಗಿ ತಿರುಗುತ್ತದೆ. ನಾಳೆಯ ಆಟಗಾರ ಎಲ್ಲ ನೆಲಕ್ಕೂ ಸಿದ್ಧನಾಗಿರಬೇಕೆಂಬುದು ಇದರ ಉದ್ದೇಶ.

ಮಣ್ಣಿನ ಸುದ್ದಿ ಬಂದಾಗ ಮಣ್ಣನ್ನು ಹದಗೊಳಿಸುವವನ ಸುದ್ದಿಯೂ ಬರಬೇಕಲ್ಲವೆ? ಪಿಚ್ಚಿಗೆ ನೀರುಣಿಸಿ, ಉರುಳುಗಲ್ಲನ್ನು ಎಳೆದು, ಕಸ ಗುಡಿಸಿ, ಬಿಳಿಯ ಗೆರೆ ಹಾಕಿ, ಆಟಗಾರರು ಬರುವ ಹೊತ್ತಿಗೆ ಬದಿಗೆ ಸರಿದು ನಿಲ್ಲುವ ಆಳನ್ನು ನಾವು ಯಾರೂ ಗಮನಿಸುವುದಿಲ್ಲ. ಆದರೆ ಒಂದು ಕಾಲದಲ್ಲಿ ಹಾಗೆ ಬದಿಯಲ್ಲಿ ನಿಂತಿದ್ದ ಹುಡುಗನೊಬ್ಬ ಭಾರತದ ಮೊತ್ತಮೊದಲ ಹಿರಿಯ ಬೌಲರ್ ಆಗಿ ಬೆಳೆದ. ಆತ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಹೆಸರು ಪಾಲವಣಕರ್ ಬಾಲೂ. ಚೆಂಡೆಸೆದು ಕೂಲಿ ಪಡೆದ ನಮ್ಮ ಮೊದಲ ಆಟಗಾರರ ಸಾಲಿನಲ್ಲಿ ಅವರದು ಮುಂದಿನ ಹೆಸರು. ಈ ಹೊತ್ತು ನಾನು ಹೇಳಹೊರಟಿರುವುದು ಅವರ ಕಥೆಯನ್ನು.

ಬಾಲೂ ಹುಟ್ಟಿದ್ದು 1870ರ ದಶಕದ ನಡುವಣ ವರ್ಷಗಳಲ್ಲಿ. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮನೆತನದ ಹೆಸರು ಕೊಂಕಣದ ಒಂದು ಹಳ್ಳಿಯದು. ಜಾತಿ ಚಮ್ಮಾರರದು, ಎಂದರೆ ಊರಿಗೆ ಅವರ ಕೆಲಸ ಬೇಕು, ಅವರ ನೆರಳು ಬೇಡ. ತಂದೆ ಸೈನ್ಯದ ನೌಕರಿಯನ್ನು ಹಿಡಿದವರು. ಗುಡಿಯ ಬಾಗಿಲೂ ಶಾಲೆಯ ಬಾಗಿಲೂ ಅಸ್ಪೃಶ್ಯರಿಗೆ ಮುಚ್ಚಿದ್ದ ಆ ಕಾಲದಲ್ಲಿ ದಂಡಿನ ಬಾಗಿಲು ಕೊಂಚ ತೆರೆದಿತ್ತು. ಅಂಬೇಡ್ಕರರ ತಂದೆಯೂ ಸುಬೇದಾರರಾಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಸಂಸಾರ ಪುಣೆಗೆ ಬಂದು ನೆಲೆಸಿತು. ಅಲ್ಲಿ ಬಾಲೂ ಮತ್ತು ಅವರ ತಮ್ಮ ಶಿವರಾಮ, ಬಿಳಿಯ ಅಧಿಕಾರಿಗಳು ಆಡಿ ಬಿಸಾಟ ಬ್ಯಾಟು ಚೆಂಡುಗಳಿಂದ ಕ್ರಿಕೆಟ್ಟನ್ನು ಕಲಿತರು.

ಮನೆಯ ಬಡತನ ಹುಡುಗನನ್ನು ಬೇಗನೆ ದುಡಿಮೆಗೆ ಹಚ್ಚಿತು. ಮೊದಲ ಕೆಲಸ ಪಾರಸಿಗಳ ಒಂದು ಕ್ಲಬ್ಬಿನಲ್ಲಿ. ಪಿಚ್ಚು ಗುಡಿಸುವುದು, ಉರುಳುಗಲ್ಲು ಎಳೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. 1892ರಲ್ಲಿ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು 4 ರೂಪಾಯಿಗೆ ಏರಿತು. ಬಲೆ ಕಟ್ಟುವುದು, ಗೆರೆ ಹಾಕುವುದು, ಟೆನಿಸ್ ಅಂಗಳವನ್ನು ಸರಿಪಡಿಸುವುದು, ಹೀಗೆ ಕೆಲಸಕ್ಕೇನೂ ಕೊರತೆ ಇರಲಿಲ್ಲ. ಆಗಾಗ ದೊರೆಗಳ ಅಭ್ಯಾಸಕ್ಕೆ ಎದುರಿನಿಂದ ಚೆಂಡು ಎಸೆಯುವವರು ಬೇಕಾಗುತ್ತಿತ್ತು. ಹುಡುಗನ ಎಡಗೈಯಲ್ಲಿ ಚೆಂಡು ಚೆನ್ನಾಗಿ ತಿರುಗುವುದನ್ನು ಯಾರೋ ಕಂಡರು. ಅಂದಿನಿಂದ ಅದೂ ಒಂದು ಕೆಲಸವಾಯಿತು.

ಆ ಕ್ಲಬ್ಬಿನ ಹಿರಿಯ ದಾಂಡಿಗ ಜೆ. ಜಿ. ಗ್ರೇಗ್. ಇಂಗ್ಲೆಂಡಿನ ಹ್ಯಾಂಪ್‌ಷೈರ್ ಕೌಂಟಿಗೂ ಆಡಿದ ಸೈನ್ಯಾಧಿಕಾರಿ. ಆತ ಉಳಿದವರಿಗಿಂತ ಮುಂಚೆ ಮೈದಾನಕ್ಕೆ ಬಂದು ಬಾಲೂ ಎಸೆದ ಚೆಂಡುಗಳನ್ನು ಗಂಟೆಗಟ್ಟಲೆ ಆಡುತ್ತಿದ್ದನಂತೆ. ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಲೂಗೆ ಎಂಟಾಣೆ ಕೊಡುತ್ತಿದ್ದನೆಂಬ ಮಾತು ಪ್ರಸಿದ್ಧವಾಗಿದೆ. ಲೆಕ್ಕ ಹಾಕಿ ನೋಡಿದರೆ, ಗ್ರೇಗನನ್ನು ಎಂಟು ಸಲ ಕೆಡವಿದರೆ ಒಂದು ತಿಂಗಳ ಸಂಬಳ. ಹಿಂದೂಸ್ಥಾನದಲ್ಲಿ ಒಂದು ವಿಕೆಟ್ಟಿಗೆ ಇಷ್ಟು ಎಂದು ಬೆಲೆ ಕಟ್ಟಿದ ಮೊದಲ ಸಂದರ್ಭಗಳಲ್ಲಿ ಇದು ಒಂದಾಗಿರಬೇಕು. ಗ್ರೇಗನ ಆಟ ಇದರಿಂದ ಬೆಳೆಯಿತು. ಬಾಲೂ ಅವರ ಬೌಲಿಂಗೂ ಬೆಳೆಯಿತು. ಬೆಳಗ್ಗೆ ತಾನೇ ನೀರು ಹಾಕಿ ಗಟ್ಟಿಗೊಳಿಸಿದ ನೆಲ ಸಂಜೆಗೆ ಎಲ್ಲಿ ಬಿರಿಯುತ್ತದೆ, ಯಾವ ಜಾಗದಲ್ಲಿ ಚೆಂಡು ಬಿದ್ದರೆ ಹೇಗೆ ಹೊರಳುತ್ತದೆ ಎಂಬುದನ್ನು ಉರುಳುಗಲ್ಲು ಎಳೆದವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಆದರೆ ಒಂದು ಮಾತು. ಅಷ್ಟು ವರ್ಷ ಚೆಂಡು ಎಸೆದ ಬಾಲೂ ಅವರ ಕೈಗೆ ಆ ಕ್ಲಬ್ಬಿನಲ್ಲಿ ಒಂದು ದಿನವೂ ಬ್ಯಾಟು ಬರಲಿಲ್ಲವಂತೆ. ಬ್ಯಾಟು ಹಿಡಿಯುವುದು ದೊರೆಗಳಿಗೆ ಸಲ್ಲುವ ಆಟ, ಚೆಂಡು ಎಸೆಯುವುದು ಆಳು ಮಾಡುವ ದುಡಿಮೆ. ಇದನ್ನು ಕೇಳಿದಾಗ ಕಾರಂತರ ‘ಚೋಮನ ದುಡಿ’ ನೆನಪಾಗದೆ ಇರದು. ಚೋಮನ ಮನೆಯಲ್ಲಿ ಎತ್ತುಗಳಿದ್ದವು. ಉಳುವ ಭೂಮಿಗೆ ಮಾತ್ರ ಅವನ ಜಾತಿ ಅಡ್ಡ ಬಂದಿತ್ತು.

ಇಂಗ್ಲೆಂಡಿನಲ್ಲೂ ಈ ಭೇದ ಇತ್ತೆಂಬುದನ್ನು ಮರೆಯಬಾರದು. ಸಂತೋಷಕ್ಕೆ ಆಡುವವರು ‘ಜಂಟಲ್‌ಮನ್’ಗಳು, ಸಂಬಳಕ್ಕೆ ಆಡುವವರು ಬರಿಯ ‘ಪ್ಲೇಯರ್’ಗಳು. ಇಬ್ಬರಿಗೂ ಉಡುಪು ಬದಲಿಸುವ ಕೋಣೆ ಬೇರೆ, ಮೈದಾನಕ್ಕೆ ಇಳಿಯುವ ಬಾಗಿಲು ಬೇರೆ. ಆಟದ ಪಟ್ಟಿಯಲ್ಲಿ ಜಂಟಲ್‌ಮನ್ನನ ಇನಿಷಿಯಲ್ ಹೆಸರಿನ ಮುಂದೆ, ಕೂಲಿ ಆಟಗಾರನದು ಹೆಸರಿನ ಹಿಂದೆ. 1950ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಟಿಟ್ಮಸ್ ಎಂಬ ವೃತ್ತಿ ಆಟಗಾರನ ಹೆಸರು ಈ ಕ್ರಮ ತಪ್ಪಿ ಅಚ್ಚಾಗಿದೆಯೆಂದು ಧ್ವನಿವರ್ಧಕದಲ್ಲಿ ತಿದ್ದುಪಡಿ ಸಾರಿದರಂತೆ. ಈ ವಿಂಗಡಣೆಯನ್ನು ಅಲ್ಲಿ ತೆಗೆದುಹಾಕಿದ್ದು 1962ರಲ್ಲಿ. ನಮ್ಮ ದೇಶದಲ್ಲಿ ಇಂಥ ಪಟ್ಟಿಯೇನೂ ಬೇಕಾಗಿರಲಿಲ್ಲ. ಅದಕ್ಕಿಂತ ಹಳೆಯ ಪಟ್ಟಿಯೊಂದು ನಮ್ಮಲ್ಲಿ ಆಗಲೇ ಸಿದ್ಧವಾಗಿತ್ತು.

ಪುಣೆಯ ಹಿಂದೂಗಳ ಕ್ಲಬ್ಬಿಗೆ ಬಾಲೂ ಅವರ ಸುದ್ದಿ ಮುಟ್ಟಿತು. ಅವರಿಗೂ ಬಿಳಿಯರಿಗೂ ಮೈದಾನದಲ್ಲಿ ಹಟವಿತ್ತು. ಗ್ರೇಗನನ್ನೇ ಕೆಡವಬಲ್ಲ ಬೌಲರ್ ಊರಲ್ಲೇ ಇರುವಾಗ ಬಿಡುವುದು ಹೇಗೆ? ಆದರೆ ಅವನನ್ನು ತಂಡಕ್ಕೆ ಸೇರಿಸಿಕೊಳ್ಳುವುದು ಹೇಗೆ? ಚರ್ಚೆ ನಡೆಯಿತು. ಕೊನೆಗೆ ಗೆಲುವಿನ ಆಸೆ ಮಡಿಯನ್ನು ಅರ್ಧ ಗೆದ್ದಿತು. ಅರ್ಧವೆಂದು ಏಕೆ ಹೇಳುತ್ತೇನೆಂದರೆ, ಮೈದಾನದಲ್ಲಿ ಬಾಲೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ವಿರಾಮದ ವೇಳೆಯಲ್ಲಿ ಉಳಿದವರು ಒಳಗೆ ಪಿಂಗಾಣಿಯ ಬಟ್ಟಲುಗಳಲ್ಲಿ ಚಹ ಕುಡಿಯುವಾಗ ಬಾಲೂ ಅವರಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹ. ಊಟಕ್ಕೂ ಬೇರೆ ತಟ್ಟೆ, ಬೇರೆ ಜಾಗ. ಪಂಕ್ತಿಭೇದವೆಂದರೆ ಏನೆಂದು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ. ಚೆಂಡಿಗೆ ಮೈಲಿಗೆ ಇರಲಿಲ್ಲ, ಚಹದ ಬಟ್ಟಲಿಗೆ ಇತ್ತು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡು ಪುಣೆಗೂ ಹರಡಿತು. ಆ ಕಾಲದಲ್ಲಿ ಬಾಲೂ ಮುಂಬಯಿ ಸೇರಿದರು. ಕೆಲಕಾಲ ಸೈನ್ಯದಲ್ಲೂ ಮುಂದೆ ರೈಲ್ವೆಯಲ್ಲೂ ದುಡಿದು, ಅಲ್ಲಿಯ ಹಿಂದೂ ಜಿಮ್‌ಖಾನದ ಪರವಾಗಿ ಆಡಿದರು. ಅಲ್ಲಿಯೂ ಮೊದಲು ಅಡ್ಡಿ ಮಾತು ಬಂದಿತಾದರೂ ದೊಡ್ಡ ಪಟ್ಟಣದ ಗಾಳಿ ಪುಣೆಯದಕ್ಕಿಂತ ಸಡಿಲವಾಗಿತ್ತು. ಕ್ರಮೇಣ ಬಾಲೂ, ಅವರೊಡನೆ ತಮ್ಮ ಶಿವರಾಮ್, ಜಿಮ್‌ಖಾನದ ಊಟದ ಮೇಜಿನಲ್ಲಿ ಉಳಿದವರೊಡನೆ ಕುಳಿತರು.

1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳಿಗೂ ಯುರೋಪಿಯನ್ನರಿಗೂ ಪಂದ್ಯ ನಡೆಯಿತು. ಹಿಂದೂಗಳು 242 ಮತ್ತು 160; ಯುರೋಪಿಯನ್ನರು 191 ಮತ್ತು 102. ಹಿಂದೂಗಳಿಗೆ 109 ರನ್ನುಗಳ ಜಯ. ಆಳುವವರನ್ನು ಆಳಿಸಿಕೊಳ್ಳುವವರು ಅವರದೇ ಆಟದಲ್ಲಿ ಸೋಲಿಸಿದರೆಂದು ದೇಶದ ಪತ್ರಿಕೆಗಳು ಸಂಭ್ರಮಿಸಿದವು. ಅವುಗಳ ನಡುವೆ ‘ಇಂಡಿಯನ್ ಸೋಷಿಯಲ್ ರಿಫಾರ್ಮರ್’ ಪತ್ರಿಕೆ ಮಾತ್ರ ಇನ್ನೊಂದು ಗೆಲುವಿನ ಕಡೆಗೆ ಬೆರಳು ತೋರಿಸಿತು. ಚಮ್ಮಾರ ಸೋದರರನ್ನು ಜೊತೆಗೂಡಿಸಿಕೊಂಡು, ಅವರೊಡನೆ ಉಂಡು ಆಡಿದ ತಂಡ ಗೆದ್ದಿದೆಯೆಂಬುದೇ ಅದರ ದೃಷ್ಟಿಯಲ್ಲಿ ಹಿರಿಯ ಸಂಗತಿ. ಬಂಗಾಳದ ವಿಭಜನೆಯಾಗಿ ಕೆಲವೇ ತಿಂಗಳು ಕಳೆದಿದ್ದ ಕಾಲ ಅದು. ಸ್ವದೇಶಿಯ ಮಾತು ಎಲ್ಲೆಲ್ಲೂ ಕೇಳುತ್ತಿತ್ತು. ಸ್ವದೇಶದೊಳಗೆ ಯಾರು ಯಾರು ಸೇರಿದ್ದಾರೆಂಬ ಪ್ರಶ್ನೆಯನ್ನು ಆ ಪಂದ್ಯ ಸದ್ದಿಲ್ಲದೆ ಎತ್ತಿತ್ತು.

1911ರಲ್ಲಿ ಮೊದಲ ಸಲ ಎಲ್ಲ ಜಾತಿಮತಗಳ ಆಟಗಾರರು ಕೂಡಿದ ಭಾರತ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ಅದರಲ್ಲಿ ಪಾರಸಿಗಳಿದ್ದರು, ಮುಸಲ್ಮಾನರಿದ್ದರು, ನಮ್ಮ ಮೈಸೂರು ಸಂಸ್ಥಾನದಿಂದ ಬಿ. ಜಯರಾಮ್ ಇದ್ದರು, ಬಾಲೂ ಮತ್ತು ಶಿವರಾಮ್ ಇದ್ದರು. ನಾಯಕರು ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. ಅವರ ವಯಸ್ಸು ಆಗ 19. ಮಹಾರಾಜರಿಗೆ ಆಟಕ್ಕಿಂತ ಅರಮನೆಗಳ ಔತಣಗಳೇ ಹೆಚ್ಚಾದವು. ಬಹಳಷ್ಟು ಪಂದ್ಯಗಳಲ್ಲಿ ಅವರು ಮೈದಾನಕ್ಕೇ ಬರಲಿಲ್ಲ. ತಂಡ ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು. ಆ ಸೋಲುಗಳ ನಡುವೆ ಮೂವತ್ತೈದರ ಆಸುಪಾಸಿನ, ತೋಳು ನೋಯುತ್ತಿದ್ದ ಬಾಲೂ ಒಂದೇ ಬೇಸಗೆಯಲ್ಲಿ 114 ವಿಕೆಟ್ಟುಗಳನ್ನು ಪಡೆದರು. ಅವುಗಳಲ್ಲಿ 75 ಪ್ರಥಮ ದರ್ಜೆಯ ಪಂದ್ಯಗಳವು. ಲೆಸ್ಟರ್‌ಷೈರ್ ಮತ್ತು ಸೋಮರ್‌ಸೆಟ್ ಕೌಂಟಿಗಳನ್ನು ಭಾರತೀಯರು ಸೋಲಿಸಿದರು. ಬಾಲೂ ಅವರನ್ನು ‘ಭಾರತದ ರೋಡ್ಸ್’ ಎಂದು ಕರೆದರು. ರೋಡ್ಸ್ ಎಂದರೆ ಯಾರ್ಕ್‌ಷೈರಿನ ವಿಲ್‌ಫ್ರೆಡ್ ರೋಡ್ಸ್. ಅವರದೂ ಎಡಗೈ, ಅವರದೂ ಸಂಬಳದ ಆಟ.

ಬಾಲೂ ಮರಳಿ ಬಂದಾಗ ಮುಂಬಯಿಯ ದಲಿತ ಸಮುದಾಯದವರು ಸಭೆ ಸೇರಿಸಿ ಮಾನಪತ್ರ ಅರ್ಪಿಸಿದರು. ಅದರ ಹಿಂದೆ ಆಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ಭೀಮರಾವ್ ಅಂಬೇಡ್ಕರರ ಕೈಯಿತ್ತೆಂಬ ಹೇಳಿಕೆಯುಂಟು. ಆ ತರುಣನಿಗೂ ಅವನಂಥವರಿಗೂ ಬಾಲೂ ಕೇವಲ ಆಟಗಾರರಾಗಿರಲಿಲ್ಲ. ನಮ್ಮಿಂದಲೂ ಆಗುತ್ತದೆ ಎಂಬ ಮಾತಿಗೆ ಕಣ್ಣೆದುರಿನ ಸಾಕ್ಷಿಯಾಗಿದ್ದರು.

ಇಷ್ಟೆಲ್ಲ ಆದ ಮೇಲೆ ಬಾಲೂ ಹಿಂದೂ ತಂಡದ ನಾಯಕರಾದರು ಎಂದು ನೀವು ಎಣಿಸುವುದು ಸಹಜ. ಆಗಲಿಲ್ಲ. ವರ್ಷ ವರ್ಷವೂ ಹಿಂದೂಗಳು ಯುರೋಪಿಯನ್ನರು, ಪಾರಸಿಗಳು, 1912ರಿಂದ ಮುಸಲ್ಮಾನರೊಡನೆಯೂ ಆಡಿದರು. ವರ್ಷ ವರ್ಷವೂ ನಾಯಕತ್ವ ಮೇಲ್ಜಾತಿಯವರೊಬ್ಬರಿಗೆ ಹೋಯಿತು. ಬಾಲೂಗಿಂತ ಅನುಭವದಲ್ಲಿ ಕಿರಿಯರಾದ ಎಂ. ಡಿ. ಪೈ ನಾಯಕರಾದಾಗ, ತಮಗಾಗಿ ಏರ್ಪಡಿಸಿದ್ದ ಸನ್ಮಾನ ಸಭೆಯಲ್ಲಿ ಎದ್ದುನಿಂತು, ಈ ಗೌರವ ಸಲ್ಲಬೇಕಾಗಿದ್ದದ್ದು ಗೆಳೆಯ ಬಾಲೂಗೆ ಎಂದರು. ಹಾಗೆ ಹೇಳಿದ ಪೈ ಅವರಿಗೂ ನಾವು ಇಲ್ಲಿ ಒಂದು ನಮಸ್ಕಾರ ಸಲ್ಲಿಸಬೇಕು.

1920ರಲ್ಲಿ ಪೈ ಆಡಲಾಗದೆ ಹೋದಾಗ ಆಯ್ಕೆಗಾರರು ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ಶಿವರಾಮ್ ಮತ್ತು ಇನ್ನೊಬ್ಬ ತಮ್ಮ ವಿಠ್ಠಲ್ ಇಬ್ಬರನ್ನೂ ದಾಟಿ, ಅವರಿಗಿಂತ ಕಿರಿಯರಾದ ಡಿ. ಬಿ. ದೇವಧರರಿಗೆ ನಾಯಕತ್ವ ಕೊಟ್ಟರು. ಆಗ ಸೋದರರಿಬ್ಬರೂ ಆಡುವುದಿಲ್ಲವೆಂದು ಹಿಂದೆ ಸರಿದು, ಜಾತಿಯ ಕಾರಣಕ್ಕಾಗಿ ತಮ್ಮನ್ನು ಅವಮಾನಿಸಲಾಗಿದೆಯೆಂದು ಬಹಿರಂಗ ಪತ್ರದಲ್ಲಿ ಸಾರಿದರು. ಊರಿನಲ್ಲಿ ಗದ್ದಲವಾಯಿತು. ಮುಂದಿನ ಪಂದ್ಯಕ್ಕೆ ಪೈ ಮರಳಿದರು, ಸೋದರರೂ ಮರಳಿದರು, ಬಾಲೂ ಉಪನಾಯಕರಾದರು. ಪಂದ್ಯದ ನಡುವೆ ಪೈ ತಾವಾಗಿ ಮೈದಾನದಿಂದ ಹೊರಗೆ ಹೋದರು. ಆ ಕೆಲವು ಹೊತ್ತು ಹಿಂದೂ ತಂಡವನ್ನು ನಡೆಸಿದವರು ಬಾಲೂ. ಸುಮಾರು ಎರಡು ದಶಕಗಳ ಆಟಕ್ಕೆ ಸಿಕ್ಕ ನಾಯಕತ್ವ ಅಷ್ಟು. ಮೂರು ವರ್ಷ ಕಳೆದು 1923ರಲ್ಲಿ ವಿಠ್ಠಲ್ ತಂಡದ ನಾಯಕರಾದರು. ಆ ವರ್ಷ ಯುರೋಪಿಯನ್ನರನ್ನು ಸೋಲಿಸಿ ಗೆದ್ದಾಗ ಮೇಲ್ಜಾತಿಯ ತರುಣರೇ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣನಿಗೆ ಸಲ್ಲದ್ದು ತಮ್ಮನಿಗೆ ಸಂದಿತು.

ಇಂಗ್ಲೆಂಡ್ ತನ್ನ ಕೂಲಿ ಆಟಗಾರನಿಗೆ, ಎಂದರೆ ಲೆನ್ ಹಟನ್‌ಗೆ, ನಾಯಕತ್ವ ಕೊಟ್ಟದ್ದು 1952ರಲ್ಲಿ. ಅದನ್ನು ನೋಡಿದರೆ ಹಿಂದೂ ಜಿಮ್‌ಖಾನ ಮುಂದಾಗಿಯೇ ಇತ್ತೆಂದು ಯಾರಾದರೂ ವಾದಿಸಬಹುದು. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಇಂಗ್ಲೆಂಡಿನ ವೃತ್ತಿ ಆಟಗಾರ ಸಂಬಳವನ್ನು ಬಿಟ್ಟುಕೊಟ್ಟರೆ ಜಂಟಲ್‌ಮನ್ ಆಗಬಹುದಿತ್ತು. ವಾಲಿ ಹ್ಯಾಮಂಡ್ 1938ರಲ್ಲಿ ಹಾಗೆಯೇ ಪಂಗಡ ಬದಲಿಸಿ ನಾಯಕರಾದರು. ಬಾಲೂ ಅವರು ಬಿಟ್ಟುಕೊಡಬಹುದಾದದ್ದು ಯಾವುದು?

ಆಟದ ಬದುಕಿನ ನಂತರದ ಅವರ ಕಥೆಯಲ್ಲಿ ಒಂದು ವಿಷಾದದ ತಿರುವಿದೆ. 1932ರಲ್ಲಿ ಗಾಂಧೀಜಿ ಯರವಡಾ ಸೆರೆಮನೆಯಲ್ಲಿ ಉಪವಾಸ ಕುಳಿತಾಗ, ಪ್ರತ್ಯೇಕ ಮತಕ್ಷೇತ್ರಗಳ ಬೇಡಿಕೆಯಿಂದ ಅಂಬೇಡ್ಕರರು ಹಿಂದೆ ಸರಿಯುವಂತೆ ಮಾತುಕತೆ ನಡೆಸಿದವರಲ್ಲಿ ಮದರಾಸಿನ ಎಂ. ಸಿ. ರಾಜಾ ಅವರೊಡನೆ ಬಾಲೂ ಅವರೂ ಇದ್ದರು. ಪೂನಾ ಒಪ್ಪಂದಕ್ಕೆ ಸಹಿ ಹಾಕಿದರು. 1937ರ ಚುನಾವಣೆಯಲ್ಲಿ ಮುಂಬಯಿಯ ಒಂದು ಕ್ಷೇತ್ರದಿಂದ ಅಂಬೇಡ್ಕರರು ನಿಂತರು. ಅವರ ಎದುರಿಗೆ ಕಾಂಗ್ರೆಸ್ಸು ನಿಲ್ಲಿಸಿದ್ದು ಬಾಲೂ ಅವರನ್ನು. ಒಂದು ಕಾಲದಲ್ಲಿ ಅಭಿಮಾನಿಯಾಗಿದ್ದ ತರುಣನೂ ಅವನ ಆದರ್ಶಪುರುಷರೂ ಎದುರಾಳಿಗಳಾದರು. ಅಂಬೇಡ್ಕರರಿಗೆ 13,245 ಮತಗಳು, ಬಾಲೂ ಅವರಿಗೆ 11,225. ಮಾರ್ಗದ ವಿಷಯದಲ್ಲಿ ಅವರಿಬ್ಬರಿಗೂ ಭಿನ್ನಾಭಿಪ್ರಾಯವಿತ್ತು. ಒಬ್ಬರು ತಂಡದೊಳಗೆ ಇದ್ದು ಕಾಯುವ ತಾಳ್ಮೆಯನ್ನು ಕಲಿತವರು. ಇನ್ನೊಬ್ಬರು ಕಾದದ್ದು ಸಾಕೆಂದವರು. ಮತದಾರರು ಎರಡನೆಯವರನ್ನು ಆರಿಸಿದರು. ಆದರೂ ಮೊದಲನೆಯವರಿಗೆ ಅಷ್ಟು ಮತ ಬಿದ್ದುದನ್ನು ಗಮನಿಸಬೇಕು.

ಬಾಲೂ 1955ರ ಜುಲೈಯಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ವಿಠ್ಠಲ್ ಮರಾಠಿಯಲ್ಲಿ ತಮ್ಮ ಆಟದ ಬದುಕನ್ನು ಬರೆದಿಟ್ಟರು. ಬಾಲೂ ಆತ್ಮಕಥೆ ಬರೆಯಲಿಲ್ಲ. ಇಂಗ್ಲಿಷಿನಲ್ಲಿ ಅವರ ಕಥೆಯನ್ನು ವಿಸ್ತಾರವಾಗಿ ಬೆಳಕಿಗೆ ತಂದವರು ಬೆಂಗಳೂರಿನಲ್ಲಿ ನೆಲೆಸಿದ ಇತಿಹಾಸಕಾರ ರಾಮಚಂದ್ರ ಗುಹಾ, 2002ರಲ್ಲಿ ಹೊರಬಂದ ಪುಸ್ತಕದಲ್ಲಿ. ಅಂಕಿಗಳ ಲೆಕ್ಕದಲ್ಲಿ ಉಳಿದಿರುವುದು ಇಷ್ಟು: ಪ್ರಥಮ ದರ್ಜೆಯ 33 ಪಂದ್ಯಗಳು, 179 ವಿಕೆಟ್ಟುಗಳು, ಪ್ರತಿ ವಿಕೆಟ್ಟಿಗೆ ಕೊಟ್ಟದ್ದು 15 ರನ್ನುಗಳಿಗೆ ಕೊಂಚ ಮೇಲೆ. ಭಾರತ ಟೆಸ್ಟ್ ಪಂದ್ಯವನ್ನಾಡಲು ತೊಡಗಿದ್ದು 1932ರಲ್ಲಿ. ಅಷ್ಟರಲ್ಲಿ ಅವರ ತೋಳು ವಿಶ್ರಾಂತಿಗೆ ಸರಿದು ಬಹಳ ವರ್ಷಗಳಾಗಿದ್ದವು.

ಈಗಿನ ಕ್ರಿಕೆಟ್ಟಿನಲ್ಲಿ ಪ್ರತಿಭಾ ಶೋಧಕರೆಂಬ ಹೊಸ ವರ್ಗವೊಂದಿದೆ. ಸಣ್ಣ ಊರುಗಳಲ್ಲಿ ಅಲೆದು, ಯಾರ ಕೈಯಲ್ಲಿ ಏನಿದೆಯೆಂದು ನೋಡಿ ಬರೆದುಕೊಂಡು ಬರುವುದು ಅವರ ಕೆಲಸ. 2002ರಲ್ಲಿ ಮಂಡಳಿ ಇದಕ್ಕಾಗಿ ಒಂದು ವ್ಯವಸ್ಥೆಯನ್ನೇ ಕಟ್ಟಿತು. ರಾಂಚಿಯ ಮಹೇಂದ್ರ ಸಿಂಗ್ ಧೋನಿ ಅದರ ಕಣ್ಣಿಗೆ ಬಿದ್ದವರು. ಒಳ್ಳೆಯ ಕೆಲಸ. ಆದರೆ ಬಾಲೂ ಅವರ ಕಥೆಯನ್ನು ನೋಡಿದಾಗ, ಗುರುತಿಸುವುದರಲ್ಲಿ ಎರಡು ಬಗೆಯುಂಟೆಂದು ನನಗೆ ತೋರುತ್ತದೆ. ಕೈಯನ್ನು ಗುರುತಿಸುವುದು ಒಂದು, ಮನುಷ್ಯನನ್ನು ಗುರುತಿಸುವುದು ಮತ್ತೊಂದು. ಬಾಲೂ ಅವರ ಕೈಯನ್ನು ಗ್ರೇಗ್ ಎಂಟಾಣೆ ಕೊಟ್ಟು ಗುರುತಿಸಿದ. ಪುಣೆಯ ಕ್ಲಬ್ಬು ಗೆಲುವಿಗಾಗಿ ಗುರುತಿಸಿತು. ಆಯ್ಕೆಗಾರರು ಇಂಗ್ಲೆಂಡಿಗೆ ಕಳುಹಿಸಿ ಗುರುತಿಸಿದರು. ಆ ಕೈಯ ಹಿಂದೆ ಹನ್ನೊಂದು ಜನರನ್ನು ನಡೆಸಬಲ್ಲ ಬುದ್ಧಿಯೊಂದಿದೆಯೆಂದು ಒಪ್ಪಿಕೊಳ್ಳಲು ಮಾತ್ರ ಅವರಿಂದಾಗಲಿಲ್ಲ.

ಕಾಲ ಬದಲಾಗಿಲ್ಲವೆಂದು ನಾನು ಹೇಳಲಾರೆ. ಅಭ್ಯಾಸಕ್ಕೆ ಚೆಂಡೆಸೆಯುವ ಅದೇ ಹಳೆಯ ಕಾಯಕವನ್ನು ನಮ್ಮ ಕಾಲದಲ್ಲಿ ಮಾಡಿ ಹೆಸರಾದವರು ಉತ್ತರ ಕನ್ನಡದ ಕುಮಟಾದ ರಾಘವೇಂದ್ರ. ತಾವೇ ಆಡಬೇಕೆಂದು ಮನೆ ಬಿಟ್ಟವರು. ಕೈಗೆ ಪೆಟ್ಟಾಗಿ ಆ ಆಸೆ ಮುರಿದ ಮೇಲೆ ಬೆಂಗಳೂರಿನ ರಾಷ್ಟ್ರೀಯ ಅಕಾಡೆಮಿಯಲ್ಲಿ ಕೆಲಕಾಲ ಸಂಬಳವಿಲ್ಲದೆ ದುಡಿದು, ಭಾರತ ತಂಡದೊಡನೆ ದೇಶ ಸುತ್ತಿದರು. ವಿರಾಟ್ ಕೊಹ್ಲಿಯಂಥ ದಾಂಡಿಗರು ತಮ್ಮ ಆಟಕ್ಕೆ ಆ ಚೆಂಡುಗಳು ಕಾರಣವೆಂದು ಹೆಸರು ಹಿಡಿದು ಹೇಳಿದ್ದಾರೆ. ಗ್ರೇಗನ ಎಂಟಾಣೆಗೂ ಈ ಮಾತಿಗೂ ನಡುವೆ ನೂರಕ್ಕೂ ಮೀರಿದ ವರ್ಷಗಳಿವೆ.

ಆ ಅಕಾಡೆಮಿಯ ಹೊಸ ಮನೆಯೇ ದೇವನಹಳ್ಳಿ ಬಳಿಯ ಮೈದಾನಗಳು. ಅದರ ಸುತ್ತಲಿನ ಹಳ್ಳಿಗಳಲ್ಲಿ, ದೊಡ್ಡಬಳ್ಳಾಪುರ ಹೊಸಕೋಟೆಗಳ ಕಡೆಗೂ, ಒಣಗಿದ ಕೆರೆಯಂಗಳದಲ್ಲಿ ಕಲ್ಲು ಹೆಕ್ಕಿ, ಕೊಡದಲ್ಲಿ ನೀರು ತಂದು ಹುಯ್ದು, ಕಾಲಲ್ಲಿ ತುಳಿದು ಪಿಚ್ಚು ಮಾಡಿಕೊಳ್ಳುವ ಹುಡುಗರು ಇಂದಿಗೂ ಇದ್ದಾರೆ. ಶೋಧಕರು ಅಲ್ಲಿಗೆ ಹೋದಾಗ ಬ್ಯಾಟು ಹಿಡಿದವನನ್ನು ನೋಡುವರು, ಚೆಂಡು ಹಿಡಿದವನನ್ನೂ ನೋಡುವರು. ನೀರು ಹೊತ್ತು ತಂದವನನ್ನೂ ಒಮ್ಮೆ ಕರೆದು, ಅವನ ಕೈಗೆ ಚೆಂಡು ಕೊಟ್ಟು ನೋಡಲಿ. ಚೆನ್ನಾಗಿ ಎಸೆದರೆ, ಅವನ ಕೈಗೆ ಬ್ಯಾಟನ್ನೂ ಕೊಡಲಿ.